ಆಸ್ಟ್ರೇಲಿಯಾದ ಮೂಲನಿವಾಸಿಗಳು ಮತ್ತು ಸಾರ್ವಜನಿಕ ವಸತಿ

ಆಸ್ಟ್ರೇಲಿಯಾದಲ್ಲಿ ಸರಕಾರವು ಆಬೊರಿಜಿನಲ್ ಹಾಗೂ ಟಾರೆಸ್ ಜಲಸಂಧಿ ದ್ವೀಪವಾಸಿ ಜನರಿಗೆ ಕಡಿಮೆ ಬಾಡಿಗೆಗೆ ಮನೆಗಳನ್ನು ಒದಗಿಸುತ್ತದೆ. ಈ ಮನೆಗಳ ವಿನ್ಯಾಸ, ಹಂಚಿಕೆ, ಬಾಡಿಗೆಯ ನಿಯಮ ಮತ್ತು ದುರಸ್ತಿ ಇವೆಲ್ಲವೂ ಆ ಜನರ ಬಂಧುತ್ವ, ಆಚರಣೆ ಹಾಗೂ ಜೀವನಕ್ರಮಕ್ಕೆ ಮನ್ನಣೆ ಕೊಡುವಂತಿರಬೇಕು ಎಂಬ ಚಿಂತನೆಯನ್ನು ಸಾಂಸ್ಕೃತಿಕ ಗೌರವವುಳ್ಳ ವಸತಿ ಸೇವೆ ಎಂದು ಕರೆಯಲಾಗುತ್ತದೆ. 2021ರ ಜನಗಣತಿಯಲ್ಲಿ 8,12,728 ಮಂದಿ, ಅಂದರೆ ದೇಶದ ಜನಸಂಖ್ಯೆಯ ಶೇ. 3.2ರಷ್ಟು ಜನರು ತಮ್ಮನ್ನು ಮೂಲನಿವಾಸಿಗಳೆಂದು ಗುರುತಿಸಿಕೊಂಡರು. ಇತರ ನಾಗರಿಕರಿಗೆ ಹೋಲಿಸಿದರೆ ಇವರಲ್ಲಿ ಸರಕಾರಿ ಮನೆಗಳನ್ನು ಅವಲಂಬಿಸಿದವರ ಪ್ರಮಾಣ ಹಲವು ಪಟ್ಟು ಹೆಚ್ಚು. ದೂರದ ಮರುಭೂಮಿ ಪ್ರದೇಶದ ಊರುಗಳಲ್ಲಂತೂ ಸರಕಾರಿ ಮನೆಯನ್ನು ಬಿಟ್ಟರೆ ಬಾಡಿಗೆಗೆ ಬೇರೆ ಮನೆಯೇ ಸಿಗದ ಸ್ಥಿತಿ ಇದೆ. ಆದುದರಿಂದ ವಸತಿ ಇಲಾಖೆಯ ಒಂದು ಸಣ್ಣ ನಿಯಮವೂ ಒಂದು ಕುಟುಂಬವು ಒಟ್ಟಿಗೆ ಉಳಿಯುವುದೋ ಚದುರುವುದೋ ಎಂಬುದನ್ನು ನಿರ್ಧರಿಸಬಲ್ಲದು.

ಪರಿಭಾಷೆ

ಈ ಚರ್ಚೆಯಲ್ಲಿ ಪದೇ ಪದೇ ಬರುವ ‘ಸಾಂಸ್ಕೃತಿಕ ಸುರಕ್ಷತೆ’ ಎಂಬ ಪರಿಕಲ್ಪನೆ ಹುಟ್ಟಿದ್ದು ವಸತಿ ಕ್ಷೇತ್ರದಲ್ಲಲ್ಲ, ಆಸ್ಟ್ರೇಲಿಯಾದಲ್ಲೂ ಅಲ್ಲ. ನ್ಯೂಜಿಲೆಂಡಿನ ಮಾವೊರಿ ದಾದಿ ಹಾಗೂ ಶಿಕ್ಷಕಿ ಇರಿಹಪೇತಿ ರಾಮ್ಸ್‌ಡೆನ್ ಅವರು ಶುಶ್ರೂಷಾ ಶಿಕ್ಷಣದಲ್ಲಿ ಇದನ್ನು ಬೆಳೆಸಿದರು. ಇನ್ನೊಂದು ಸಂಸ್ಕೃತಿಯ ಬಗ್ಗೆ ಸೇವೆ ಕೊಡುವವನಿಗೆ ಎಷ್ಟು ತಿಳಿದಿದೆ ಎಂಬುದು ಇಲ್ಲಿ ಅಳತೆಗೋಲಲ್ಲ. ಸೇವೆ ಪಡೆದವನಿಗೆ ತನ್ನ ಮಾನ ಉಳಿಯಿತೆಂದು ಅನಿಸಿತೇ ಇಲ್ಲವೇ ಎಂಬುದೇ ಅಳತೆಗೋಲು. ಈ ವ್ಯತ್ಯಾಸ ಮೇಲ್ನೋಟಕ್ಕೆ ಚಿಕ್ಕದಾಗಿ ಕಂಡರೂ ಪರಿಣಾಮ ದೊಡ್ಡದು. ಕಚೇರಿಯ ಗೋಡೆಯ ಮೇಲೆ ಚುಕ್ಕಿಚಿತ್ರವನ್ನು ತೂಗುಹಾಕುವುದು, ಬಾಗಿಲಲ್ಲಿ ಮೂಲನಿವಾಸಿಗಳ ಧ್ವಜವನ್ನು ಇಡುವುದು, ಸಿಬ್ಬಂದಿಗೆ ಒಂದು ದಿನದ ತರಬೇತಿ ನೀಡುವುದು ಇವೆಲ್ಲ ಇಲಾಖೆಯು ತಾನೇ ಮಾಡಿ ತಾನೇ ಅಂಕ ಕೊಟ್ಟುಕೊಳ್ಳಬಹುದಾದ ಕೆಲಸಗಳು. ಮುರಿದ ನಲ್ಲಿಯನ್ನು ಎಷ್ಟು ದಿನಗಳಲ್ಲಿ ಸರಿಪಡಿಸಲಾಯಿತು ಎಂಬುದಕ್ಕೆ ಅಂಕ ಕೊಡುವವರು ಆ ಮನೆಯಲ್ಲಿ ವಾಸಿಸುವವರು.

ಇತಿಹಾಸ

1788ರಲ್ಲಿ ಬ್ರಿಟಿಷರ ವಸಾಹತು ಆರಂಭವಾಗುವ ಮೊದಲು ಈ ಖಂಡದಲ್ಲಿ ಹತ್ತಾರು ಸಾವಿರ ವರ್ಷಗಳಿಂದ ಜನರು ನೆಲೆಸಿದ್ದರು. ಅವರಿಗೆ ಮನೆಗಳೇ ಇರಲಿಲ್ಲವೆಂಬ ನಂಬಿಕೆ ಬಹುಕಾಲ ಪ್ರಚಾರದಲ್ಲಿತ್ತು. ವಾಸ್ತುಶಿಲ್ಪಿ ಹಾಗೂ ಮಾನವಶಾಸ್ತ್ರಜ್ಞ ಪಾಲ್ ಮೆಮ್ಮೊಟ್ ಅವರು 2007ರಲ್ಲಿ ಪ್ರಕಟಿಸಿದ ‘ಗುನ್ಯಾ, ಗೂಂಡಿ, ವರ್ಲಿ’ ಎಂಬ ಗ್ರಂಥವು ತೊಗಟೆಯ ಗುಡಿಸಲು, ಗುಮ್ಮಟಾಕಾರದ ಮಳೆಗಾಲದ ಮನೆ, ಗಾಳಿತಡೆ, ನೆರಳುಚಪ್ಪರ ಮುಂತಾದ ಹಲವು ಬಗೆಯ ಕಟ್ಟಡಗಳನ್ನು ವಿವರವಾಗಿ ದಾಖಲಿಸಿ ಆ ನಂಬಿಕೆಯನ್ನು ಅಲುಗಿಸಿತು. ಮಧ್ಯ ಆಸ್ಟ್ರೇಲಿಯಾದ ವಾರ್ಲ್ಪಿರಿ ಜನರ ಬಿಡಾರದಲ್ಲಿ ದಂಪತಿಗಳಿಗೆ, ಅವಿವಾಹಿತ ಗಂಡಸರಿಗೆ, ವಿಧವೆಯರು ಹಾಗೂ ಒಂಟಿ ಮಹಿಳೆಯರಿಗೆ ಬೇರೆ ಬೇರೆ ವಾಸದ ನೆಲೆಗಳಿದ್ದವು. ಮಹಿಳೆಯರ ನೆಲೆಯನ್ನು ‘ಜಿಲಿಮಿ’ ಎನ್ನುತ್ತಾರೆ. ಗೋಡೆಗಳು ಹಗುರವಾಗಿದ್ದರೂ ಯಾರು ಎಲ್ಲಿ ಮಲಗಬೇಕು, ಯಾರು ಯಾರ ಕಣ್ಣಿಗೆ ಬೀಳಬಾರದು ಎಂಬ ಕಟ್ಟಳೆ ಗಟ್ಟಿಯಾಗಿತ್ತು.

ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳಲ್ಲಿ ಈ ಜನರನ್ನು ಅವರ ನೆಲದಿಂದ ತೆರವುಗೊಳಿಸಿ ಕ್ರೈಸ್ತ ಮಿಷನ್‌ಗಳಿಗೂ ಸರಕಾರಿ ಮೀಸಲು ಪ್ರದೇಶಗಳಿಗೂ ಸಾಗಿಸಲಾಯಿತು. 1950 ಮತ್ತು 60ರ ದಶಕಗಳಲ್ಲಿ, ಅವರನ್ನು ಬಿಳಿಯರ ಸಮಾಜದಲ್ಲಿ ಕರಗಿಸಬೇಕೆಂಬ ನೀತಿಯ ಕಾಲದಲ್ಲಿ, ‘ಮಧ್ಯಂತರ ಮನೆ’ಗಳ ಪದ್ಧತಿ ಬಂದಿತು. ಕುಟುಂಬವೊಂದು ಮೊದಲು ಒಂದು ಸಾಧಾರಣ ಕೊಠಡಿಯಲ್ಲಿ ವಾಸಿಸಿ, ಚೊಕ್ಕಟವಾಗಿ ಮನೆ ನಡೆಸಲು ಬರುತ್ತದೆಂದು ತೋರಿಸಿದ ಬಳಿಕ ಮುಂದಿನ ಹಂತದ ಮನೆಗೆ ಹೋಗಬೇಕು. ಅಂದರೆ ಮನೆಯು ಹಕ್ಕಾಗಿರಲಿಲ್ಲ, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಸಿಗುವ ಬಹುಮಾನವಾಗಿತ್ತು. ಉತ್ತರ ಪ್ರಾಂತ್ಯದಲ್ಲಿ ಕಟ್ಟಿದ ಅಲ್ಯೂಮಿನಿಯಂ ಗೋಡೆಯ ಕಿಂಗ್‌ಸ್ಟ್ರಾಂಡ್ ಗುಡಿಸಲುಗಳು ಬೇಸಿಗೆಯಲ್ಲಿ ಒಳಗೆ ಕೂರಲಾಗದಷ್ಟು ಕಾಯುತ್ತಿದ್ದುದರಿಂದ ಜನರು ಹೊರಗೇ ಮಲಗುತ್ತಿದ್ದರು. ಅದನ್ನು ಕಂಡು ‘ಇವರಿಗೆ ಮನೆಯಲ್ಲಿ ಇರಲು ಬಾರದು’ ಎಂದು ಟಿಪ್ಪಣಿ ಬರೆದುಕೊಂಡವರು ಒಂದು ಮಧ್ಯಾಹ್ನ ಆ ತಗಡಿನ ಕೆಳಗೆ ಕುಳಿತು ನೋಡಿದ್ದರೆ ಬೇರೆ ಮಾತು ಬರೆಯುತ್ತಿದ್ದರು.

ಇದೇ ಕಾಲದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ತಾಯ್ತಂದೆಯರಿಂದ ಬೇರ್ಪಡಿಸುವ ಸರಕಾರಿ ನೀತಿಯೂ ಜಾರಿಯಲ್ಲಿತ್ತು. 1997ರಲ್ಲಿ ಪ್ರಕಟವಾದ ‘ಅವರನ್ನು ಮನೆಗೆ ಕರೆತರುವುದು’ ಎಂಬ ಅರ್ಥದ ಹೆಸರಿನ ವಿಚಾರಣಾ ವರದಿ ಇದನ್ನು ದಾಖಲಿಸಿದೆ. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೋರಿದರು. ಮನೆಯ ಪರಿಶೀಲನೆಗೆ ಬರುತ್ತಿದ್ದ ಅಧಿಕಾರಿಯ ವರದಿಯೇ ಮಗುವನ್ನು ಕೊಂಡೊಯ್ಯಲು ಕಾರಣವಾಗಬಹುದಾಗಿತ್ತು. ಇಂದು ವಸತಿ ಇಲಾಖೆಯ ನೌಕರ ಕೈಯಲ್ಲಿ ಕಡತ ಹಿಡಿದು ಬಾಗಿಲು ತಟ್ಟಿದಾಗ ಒಳಗಿನ ಅಜ್ಜಿ ಬಾಗಿಲು ತೆರೆಯದೆ ಸುಮ್ಮನಿದ್ದರೆ ಅದಕ್ಕೆ ಈ ಹಿನ್ನೆಲೆಯಿದೆ.

ಬಂಧುತ್ವ ಮತ್ತು ಮನೆಯ ವಿನ್ಯಾಸ

ನಗರದ ಸರಕಾರಿ ಮನೆಯು ಗಂಡ, ಹೆಂಡತಿ ಮತ್ತು ಎರಡು ಮಕ್ಕಳ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿಸಿದ್ದು. ಮೂಲನಿವಾಸಿಗಳಲ್ಲಿ ದೊಡ್ಡಮ್ಮ, ಚಿಕ್ಕಮ್ಮಂದಿರೂ ತಾಯಿಯರೇ. ಅವರ ಮಕ್ಕಳು ಒಡಹುಟ್ಟಿದವರೇ. ದೂರದಿಂದ ಬಂದ ಬಂಧುವಿಗೆ ಜಾಗವಿಲ್ಲವೆನ್ನುವುದು ದೊಡ್ಡ ಲೋಪ. ಅದೇ ವೇಳೆಗೆ ಕೆಲವು ಸಂಬಂಧಗಳಲ್ಲಿ ದೂರ ಕಾಯ್ದುಕೊಳ್ಳುವ ಕಟ್ಟಳೆಯೂ ಇದೆ. ಅಳಿಯನೂ ಅತ್ತೆಯೂ ಎದುರುಬದುರು ಬರಬಾರದು, ನೇರವಾಗಿ ಮಾತಾಡಬಾರದು ಎಂಬ ನಿಯಮ ಅನೇಕ ಸಮುದಾಯಗಳಲ್ಲಿದೆ. ಒಂದೇ ಬಾಗಿಲು, ಕಿರಿದಾದ ಒಂದೇ ನಡುಹಾದಿ ಮತ್ತು ಒಂದೇ ಬಚ್ಚಲಮನೆ ಇರುವ ಕಟ್ಟಡದಲ್ಲಿ ಈ ನಿಯಮವನ್ನು ಪಾಲಿಸುವುದು ಅಸಾಧ್ಯ. ಎರಡು ಕಡೆ ಹೊರಬಾಗಿಲು, ಬೇರೆ ಬೇರೆ ದಿಕ್ಕಿನಿಂದ ಪ್ರವೇಶವುಳ್ಳ ಸ್ನಾನಗೃಹ, ಅಗಲವಾದ ಜಗಲಿ, ಹೊರಗೆ ಒಲೆ ಹೂಡಲು ಸ್ಥಳ, ಬರುವವರು ಯಾರೆಂದು ದೂರದಿಂದಲೇ ಕಾಣುವಂತಹ ಅಂಗಳ ಇವು ಈ ಜನರು ವಿನ್ಯಾಸಕಾರರ ಮುಂದೆ ಮತ್ತೆ ಮತ್ತೆ ಇಟ್ಟಿರುವ ಬೇಡಿಕೆಗಳು. ತೊಟ್ಟಿ, ಜಗಲಿ, ಹಿತ್ತಿಲ ಬಾಗಿಲುಗಳ ಮನೆಯನ್ನು ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಕ್ಕಟ್ಟು ಎಂದರೇನು ಎಂಬುದೂ ವಿವಾದದ ವಿಷಯ. ಆಸ್ಟ್ರೇಲಿಯಾ ತನ್ನ ಅಧಿಕೃತ ಅಂಕಿಅಂಶಗಳಿಗೆ ಕೆನಡಾದಲ್ಲಿ ರೂಪಿಸಿದ ಮಾನದಂಡವನ್ನು ಬಳಸುತ್ತದೆ. ಮನೆಯವರ ವಯಸ್ಸು, ಲಿಂಗ ಮತ್ತು ಸಂಬಂಧವನ್ನು ನೋಡಿ ಎಷ್ಟು ಮಲಗುವ ಕೋಣೆಗಳು ಬೇಕೆಂದು ಅದು ಲೆಕ್ಕ ಹಾಕುತ್ತದೆ. ಮೆಮ್ಮೊಟ್ ಮತ್ತು ಸಹವರ್ತಿಗಳು ಇದನ್ನು ಪ್ರಶ್ನಿಸಿದ್ದಾರೆ. ತಲೆಗಳ ಎಣಿಕೆಯಿಂದ ಮಾತ್ರ ಇಕ್ಕಟ್ಟನ್ನು ಅಳೆಯಲಾಗದು, ಸರಿಯಾದ ಸಂಬಂಧದವರು ಸರಿಯಾದ ಸ್ಥಳದಲ್ಲಿ ಮಲಗಿದ್ದರೆ ಹೆಚ್ಚು ಜನರಿದ್ದರೂ ನೆಮ್ಮದಿ ಇರಬಹುದು, ತಪ್ಪಾದ ಇಬ್ಬರು ಒಂದೇ ಸೂರಿನಡಿ ಸಿಲುಕಿದರೂ ಒತ್ತಡವೇ ಎಂಬುದು ಅವರ ವಾದ. ಆದರೆ ಈ ವಾದವನ್ನು ಮನೆ ಕಟ್ಟದಿರುವುದಕ್ಕೆ ನೆಪವಾಗಿ ಬಳಸುವಂತಿಲ್ಲ. ಒಂದು ಶೌಚಾಲಯವನ್ನು ಹದಿನೈದು ಜನ ಬಳಸಿದರೆ ಅದು ಬೇಗ ಕೆಡುತ್ತದೆ; ಇದಕ್ಕೂ ಸಂಸ್ಕೃತಿಗೂ ಸಂಬಂಧವಿಲ್ಲ.

ಸಾವು ಮತ್ತು ಮನೆ

ಸಾವು ಸಂಭವಿಸಿದಾಗ ಬಂಧುಬಳಗವೆಲ್ಲ ಸೇರಿ ನಡೆಸುವ ಶೋಕಾಚರಣೆ ವಾರಗಟ್ಟಲೆ ನಡೆಯಬಹುದು. ಅನೇಕ ಸಮುದಾಯಗಳಲ್ಲಿ ಸತ್ತವರ ಹೆಸರನ್ನು ಕೆಲಕಾಲ ಉಚ್ಚರಿಸುವುದಿಲ್ಲ. ಅದೇ ಹೆಸರಿನವರು ಬೇರೆ ಯಾರಾದರೂ ಇದ್ದರೆ ಅವರನ್ನೂ ಬದಲಿ ಹೆಸರಿನಿಂದ ಕರೆಯುತ್ತಾರೆ. ಮಧ್ಯ ಆಸ್ಟ್ರೇಲಿಯಾದಲ್ಲಿ ‘ಕುಮಂಜಾಯಿ’ ಎಂಬುದು ಅಂತಹ ಒಂದು ಬದಲಿ ಹೆಸರು. ಸಾವಾದ ಮನೆಯನ್ನು ಕುಟುಂಬವು ತೆರವು ಮಾಡಿ, ಎಲೆಗಳ ಹೊಗೆ ಹಾಕಿ ಶುದ್ಧಿಗೊಳಿಸುವವರೆಗೆ ಬೇರೆಡೆ ಇರುವ ಪದ್ಧತಿಯೂ ವ್ಯಾಪಕವಾಗಿದೆ. ಧನಿಷ್ಠಾ ಪಂಚಕದಲ್ಲಿ ಸಾವಾದರೆ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕುವ ರೂಢಿಯನ್ನು ಕರ್ನಾಟಕದಲ್ಲಿ ಕಂಡವರಿಗೆ ಇದು ವಿಚಿತ್ರವೆನಿಸದು.

ಬಾಡಿಗೆ ಕಾನೂನಿನ ಕಣ್ಣಿಗೆ ಇದು ಬೇರೆಯಾಗಿ ಕಾಣುತ್ತದೆ. ಮನೆ ಖಾಲಿಯಾಗಿದ್ದರೆ ಅದು ‘ತ್ಯಜಿಸಿದ ಮನೆ’. ಬಾಡಿಗೆ ಬಾಕಿ ಏರುತ್ತಲೇ ಇರುತ್ತದೆ. ಕಳುಹಿಸಿದ ನೋಟಿಸು ಯಾರೂ ಇಲ್ಲದ ಮನೆಯ ಅಂಚೆ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಅತ್ತ ದುಃಖಿತ ಕುಟುಂಬವು ಇನ್ನೊಬ್ಬ ಬಂಧುವಿನ ಮನೆಯಲ್ಲಿ ಆಶ್ರಯ ಪಡೆದಾಗ ಆ ಮನೆಯಲ್ಲಿ ಅನುಮತಿಗಿಂತ ಹೆಚ್ಚು ಜನರಿದ್ದಾರೆಂದು ಅಲ್ಲಿಗೂ ಎಚ್ಚರಿಕೆಯ ಪತ್ರ ಹೋಗಬಹುದು. ಹೀಗೆ ಒಂದು ಸಾವಿನಿಂದ ಎರಡು ಮನೆಗಳು ಅಪಾಯಕ್ಕೆ ಸಿಲುಕುತ್ತವೆ. ಇದಕ್ಕೆ ಪರಿಹಾರ ದುಬಾರಿಯದ್ದೇನಲ್ಲ: ಶೋಕದ ಅವಧಿಯಲ್ಲಿ ಗೈರುಹಾಜರಿಗೆ ಮುಂಚಿತ ಒಪ್ಪಿಗೆ, ಸಂದರ್ಶಕರ ಮಿತಿಯ ತಾತ್ಕಾಲಿಕ ಸಡಿಲಿಕೆ, ಅಗತ್ಯವಿದ್ದರೆ ಮನೆಯ ಅದಲುಬದಲು, ಸತ್ತವರ ಹೆಸರಿಗೆ ಪತ್ರ ಕಳುಹಿಸದಿರುವ ಎಚ್ಚರ.

ಬಾಡಿಗೆಯ ನಿಯಮಗಳು ಮತ್ತು ತೆರವು

ಪಶ್ಚಿಮ ಆಸ್ಟ್ರೇಲಿಯಾದ ಸಮಾನ ಅವಕಾಶ ಆಯೋಗವು 2004ರಲ್ಲಿ ಆ ರಾಜ್ಯದ ಸಾರ್ವಜನಿಕ ವಸತಿಯಲ್ಲಿ ಮೂಲನಿವಾಸಿಗಳಿಗೆ ಆಗುತ್ತಿದ್ದ ತಾರತಮ್ಯದ ಕುರಿತು ವಿಸ್ತಾರವಾದ ವರದಿ ನೀಡಿತು. ಎಲ್ಲರಿಗೂ ಒಂದೇ ನಿಯಮವನ್ನು ಅನ್ವಯಿಸುವುದೂ ತಾರತಮ್ಯಕ್ಕೆ ದಾರಿಯಾಗಬಲ್ಲದು ಎಂಬುದು ಇಂತಹ ಪರಿಶೀಲನೆಗಳಿಂದ ಹೊರಬರುವ ಮುಖ್ಯ ಪಾಠ. ಅದೇ ರಾಜ್ಯದಲ್ಲಿ 2011ರಲ್ಲಿ ಬಿಗಿಗೊಳಿಸಿದ, ‘ಮೂರು ತಪ್ಪಿಗೆ ತೆರವು’ ಎಂದು ಹೆಸರಾದ ನೀತಿಯಡಿ ನೆರೆಯವರ ದೂರುಗಳು ದೃಢಪಟ್ಟರೆ ಬಾಡಿಗೆದಾರರ ವಿರುದ್ಧ ತೆರವಿನ ಕ್ರಮ ಕೈಗೊಳ್ಳಬಹುದು. ಗದ್ದಲ ಮಾಡಿದವನು ಅತಿಥಿಯಾಗಿದ್ದರೂ ಹೊಣೆ ಬಾಡಿಗೆದಾರರದ್ದೇ, ಮತ್ತು ಆ ಬಾಡಿಗೆದಾರರು ಎಷ್ಟೋ ಸಲ ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರು. ನೆರೆಯವರಿಗೂ ನಿದ್ರೆಯ ಹಕ್ಕಿದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮನೆ ಕಳೆದುಕೊಂಡ ಅಜ್ಜಿ ಮಕ್ಕಳೊಂದಿಗೆ ಸೇರುವುದು ಈಗಾಗಲೇ ತುಂಬಿರುವ ಇನ್ನೊಬ್ಬ ಬಂಧುವಿನ ಮನೆಯನ್ನು. ಅಲ್ಲಿ ಮತ್ತೆ ಗದ್ದಲ, ಮತ್ತೆ ದೂರು.

ಭಾಷೆಯ ತೊಡಕೂ ಇದರೊಂದಿಗೆ ಸೇರಿಕೊಳ್ಳುತ್ತದೆ. ಉತ್ತರ ಪ್ರಾಂತ್ಯದ ಅನೇಕ ಬಾಡಿಗೆದಾರರಿಗೆ ಇಂಗ್ಲಿಷ್ ಮೂರನೆಯ ಅಥವಾ ನಾಲ್ಕನೆಯ ಭಾಷೆ. ಹಲವು ಪುಟಗಳ ಬಾಡಿಗೆ ಕರಾರಿಗೆ ಸಹಿ ಹಾಕಿಸುವಾಗ ದುಭಾಷಿ ಇಲ್ಲದಿದ್ದರೆ, ಪ್ರಶ್ನೆಗಳಿಗೆಲ್ಲ ‘ಹೌದು’ ಎಂಬ ಉತ್ತರ ಬರುತ್ತದೆ. ಅದು ಒಪ್ಪಿಗೆಯಲ್ಲ, ಎದುರಿಗಿರುವ ಅಧಿಕಾರಿಯನ್ನು ಮುಜುಗರಕ್ಕೆ ಗುರಿಮಾಡಬಾರದೆಂಬ ಸೌಜನ್ಯ.

ದುರಸ್ತಿಯ ಪ್ರಶ್ನೆ

ಮೂಲನಿವಾಸಿಗಳು ಮನೆಗಳನ್ನು ಹಾಳುಮಾಡುತ್ತಾರೆ ಎಂಬ ಮಾತು ಆಸ್ಟ್ರೇಲಿಯಾದಲ್ಲಿ ಬಹಳ ಕಾಲದಿಂದ ಕೇಳಿಬರುತ್ತಿದೆ. ಇದನ್ನು ಪರೀಕ್ಷಿಸಿದ ಕೆಲಸ ಈ ವಿಷಯದ ಚರಿತ್ರೆಯಲ್ಲೇ ಅತ್ಯಂತ ಮಹತ್ವದ್ದೆನ್ನಬಹುದು. ದಕ್ಷಿಣ ಆಸ್ಟ್ರೇಲಿಯಾದ ವಾಯವ್ಯ ಭಾಗದಲ್ಲಿ ಪಿಟ್ಜಂಟ್ಜಟ್ಜರ ಮತ್ತು ಯಾಂಕುನಿಟ್ಜಟ್ಜರ ಜನರು ತಾವೇ ನಡೆಸುವ ನ್ಗನಂಪ ಆರೋಗ್ಯ ಮಂಡಳಿ ಇದೆ. ಅಲ್ಲಿ ವಾಸ್ತುಶಿಲ್ಪಿ ಪಾಲ್ ಫೊಲೆರೊಸ್, ವೈದ್ಯ ಪಾಲ್ ಟೊರ್ಜಿಲ್ಲೊ ಮತ್ತು ಪರಿಸರ ಆರೋಗ್ಯ ತಜ್ಞ ಸ್ಟೀಫನ್ ರೈನೋ ಒಟ್ಟಾಗಿ ಕೆಲಸ ಮಾಡಿದರು. 1987ರಲ್ಲಿ ಹೊರಬಂದ ಅವರ ವರದಿಯು ಯು.ಪಿ.ಕೆ. ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಆರೋಗ್ಯವಾಗಿ ಬದುಕಲು ಮನೆಯೊಂದರಲ್ಲಿ ಸಾಧ್ಯವಾಗಬೇಕಾದ ಒಂಬತ್ತು ಕೆಲಸಗಳನ್ನು ಅವರು ಗುರುತಿಸಿದರು. ದಿನಕ್ಕೊಮ್ಮೆ ಮಗುವಿಗೆ ಸ್ನಾನ ಮಾಡಿಸುವುದು ಅವುಗಳಲ್ಲಿ ಮೊದಲನೆಯದು. ಬಟ್ಟೆ ಒಗೆಯುವುದು, ಕೊಳಚೆ ನೀರು ಹೊರಹೋಗುವುದು, ಅಡುಗೆ ಮಾಡಲು ಮತ್ತು ಆಹಾರ ಕೆಡದಂತೆ ಇಡಲು ಅನುಕೂಲವಿರುವುದು ನಂತರದವು. ಇಕ್ಕಟ್ಟು, ಕೀಟ ಮತ್ತು ಪ್ರಾಣಿಗಳ ಕಾಟ, ಧೂಳು, ಸೆಕೆ ಹಾಗೂ ಚಳಿ, ಗಾಯಗಳು ಇವುಗಳ ತಡೆ ಉಳಿದವು. ಮಕ್ಕಳ ಚರ್ಮರೋಗ, ಕಿವಿ ಸೋರುವಿಕೆ, ಕಣ್ಣಿನ ಟ್ರಕೋಮಾ ಇವೆಲ್ಲ ನೀರಿನೊಂದಿಗೆ ತಳುಕು ಹಾಕಿಕೊಂಡಿರುವುದರಿಂದ ಸ್ನಾನಕ್ಕೆ ಮೊದಲ ಸ್ಥಾನ.

ಇದರಿಂದ ಬೆಳೆದ ‘ಆರೋಗ್ಯಕ್ಕಾಗಿ ವಸತಿ’ ಎಂಬ ಕಾರ್ಯಕ್ರಮಕ್ಕೆ ಒಂದು ನಿಯಮವಿತ್ತು: ದುರಸ್ತಿ ಮಾಡದೆ ಬರಿಯ ಸಮೀಕ್ಷೆ ಮಾಡಬಾರದು. ಬಹುಪಾಲು ಸ್ಥಳೀಯರೇ ಇರುವ ತಂಡವು ಮನೆಯ ಪ್ರತಿಯೊಂದು ನಲ್ಲಿ, ಸ್ವಿಚ್ಚು, ಚರಂಡಿಯನ್ನು ಪರೀಕ್ಷಿಸಿ ಮೊದಲ ದಿನವೇ ಸರಿಪಡಿಸಲು ತೊಡಗುತ್ತಿತ್ತು. ಆ ಮನೆಗಳಲ್ಲಿ ಕಂಡ ದೋಷಗಳಲ್ಲಿ ಸುಮಾರು ಮೂರನೇ ಎರಡು ಪಾಲು ನಿಯಮಿತ ನಿರ್ವಹಣೆಯ ಕೊರತೆಯಿಂದ ಆದವು; ನಾಲ್ಕನೇ ಒಂದರಷ್ಟು ಕಟ್ಟುವಾಗಲೇ ಆದ ಕಳಪೆ ಕೆಲಸ. ವಾಸಿಸುವವರ ದುರ್ಬಳಕೆಯಿಂದ ಕೆಟ್ಟದ್ದು ಶೇ. 10ಕ್ಕಿಂತ ಕಡಿಮೆ. ಮರುಭೂಮಿಯ ಗಡಸು ನೀರು ಬಿಸಿನೀರಿನ ಹಂಡೆಯಲ್ಲಿ ಸುಣ್ಣ ಕಟ್ಟಿಸುತ್ತದೆ, ಕೊಳವೆಗಳನ್ನು ಕಟ್ಟಿಹಾಕುತ್ತದೆ. ನಾಶಮಾಡಿದವರೆಂದು ಹೆಸರು ಕೆಡಿಸಿಕೊಂಡವರು ಮಾತ್ರ ಬಾಡಿಗೆದಾರರು. ನ್ಯೂ ಸೌತ್ ವೇಲ್ಸ್ ರಾಜ್ಯದ ಆರೋಗ್ಯ ಇಲಾಖೆಯು ಹತ್ತು ವರ್ಷಗಳ ಕೆಲಸವನ್ನು ಅವಲೋಕಿಸಿ 2010ರಲ್ಲಿ ವರದಿ ನೀಡಿತು. ಅದರ ಪ್ರಕಾರ, ಈ ಕಾರ್ಯಕ್ರಮ ನಡೆಯದ ಗ್ರಾಮೀಣ ಮೂಲನಿವಾಸಿ ಸಮುದಾಯಗಳಿಗೆ ಹೋಲಿಸಿದರೆ, ದುರಸ್ತಿಯಾದ ಮನೆಗಳವರು ಸಾಂಕ್ರಾಮಿಕ ರೋಗಗಳಿಗಾಗಿ ಆಸ್ಪತ್ರೆ ಸೇರುವ ಪ್ರಮಾಣ ಶೇ. 40ರಷ್ಟು ಕಡಿಮೆಯಿತ್ತು.

ವಿದ್ಯುತ್ತಿನ ಸಮಸ್ಯೆಯೂ ಇದಕ್ಕೆ ಹೊಂದಿಕೊಂಡಿದೆ. ಉತ್ತರ ಪ್ರಾಂತ್ಯದ ದೂರದ ಊರುಗಳಲ್ಲಿ ಮುಂಗಡ ಹಣ ತುಂಬುವ ಮೀಟರುಗಳಿವೆ. ಹಣ ಮುಗಿದೊಡನೆ ದೀಪ ಆರುತ್ತದೆ. ಸುಮಾರು 3,300 ಮನೆಗಳ ಅಧ್ಯಯನವೊಂದರಲ್ಲಿ 2018–19ರ ಒಂದೇ ವರ್ಷದಲ್ಲಿ ಶೇ. 91ರಷ್ಟು ಮನೆಗಳು ಒಮ್ಮೆಯಾದರೂ ವಿದ್ಯುತ್ ಕಳೆದುಕೊಂಡಿದ್ದವು.

ಸಾಂಟಾ ತೆರೆಸಾ ಮೊಕದ್ದಮೆ

2007ರ ಉತ್ತರ ಪ್ರಾಂತ್ಯ ತುರ್ತು ಕಾರ್ಯಾಚರಣೆಯ ಬಳಿಕ ಅನೇಕ ಊರುಗಳಲ್ಲಿ ಮನೆಗಳ ಆಡಳಿತವು ಸ್ಥಳೀಯ ಮಂಡಳಿಗಳ ಕೈತಪ್ಪಿ ಸರಕಾರದ ಪಾಲಾಯಿತು. 2008ರಲ್ಲಿ ಹತ್ತು ವರ್ಷಗಳಿಗೆ 5.5 ಶತಕೋಟಿ ಡಾಲರುಗಳ ದೂರಪ್ರದೇಶ ವಸತಿ ಒಪ್ಪಂದ ಜಾರಿಗೆ ಬಂದಿತು. ಮನೆ ಬೇಕಾದರೆ ಸಮುದಾಯದ ನೆಲವನ್ನು ದೀರ್ಘಾವಧಿಗೆ ಸರಕಾರಕ್ಕೆ ಗೇಣಿಗೆ ಕೊಡಬೇಕೆಂಬ ಷರತ್ತು ಅದರಲ್ಲಿತ್ತು.

ಆಲಿಸ್ ಸ್ಪ್ರಿಂಗ್ಸ್ ನಗರದ ಆಗ್ನೇಯಕ್ಕಿರುವ ಸಾಂಟಾ ತೆರೆಸಾ ಪೂರ್ವ ಅರೆಂಟೆ ಜನರ ಊರು. ಅಲ್ಲಿನ 70 ಮನೆಗಳವರು 600ಕ್ಕೂ ಹೆಚ್ಚು ದುರಸ್ತಿಗಳನ್ನು ಪಟ್ಟಿಮಾಡಿ 2016ರಲ್ಲಿ ನ್ಯಾಯಮಂಡಳಿಯ ಮೊರೆ ಹೋದರು. ಸೋರುವ ಶೌಚಾಲಯ, ಕೆಲಸ ಮಾಡದ ಒಲೆ, ಕೆಟ್ಟ ಬಿಸಿನೀರಿನ ವ್ಯವಸ್ಥೆ ಆ ಪಟ್ಟಿಯಲ್ಲಿದ್ದವು. ಬಾಡಿಗೆ ಬಾಕಿ ಇದೆಯೆಂದು ಸರಕಾರ ಪ್ರತಿದಾವೆ ಹೂಡಿತು. ಅರ್ಜಿದಾರರಲ್ಲಿ ಒಬ್ಬ ಹಿರಿಯ ಮಹಿಳೆಯ ಮನೆಗೆ 68 ತಿಂಗಳುಗಳ ಕಾಲ ಹಿಂಬಾಗಿಲೇ ಇರಲಿಲ್ಲ. ಹಾವು, ನಾಯಿ, ಅಪರಿಚಿತರು ಯಾರು ಬೇಕಾದರೂ ಒಳಬರಬಹುದಾಗಿತ್ತು. ನ್ಯಾಯಮಂಡಳಿ ಇದಕ್ಕೆ ಕೊಟ್ಟ ಪರಿಹಾರ 100 ಡಾಲರು. 2020ರಲ್ಲಿ ಪ್ರಾಂತ್ಯದ ನ್ಯಾಯಾಲಯವು ವಾಸಯೋಗ್ಯ ಮನೆಯೆಂದರೆ ಬರಿಯ ಅಪಾಯರಹಿತ ಕಟ್ಟಡವಲ್ಲ, ಇಂದಿನ ಕಾಲಕ್ಕೆ ತಕ್ಕ ಸಾಧಾರಣ ಸೌಖ್ಯವೂ ಅಲ್ಲಿರಬೇಕು ಎಂದು ಹೇಳಿ ಪರಿಹಾರವನ್ನು 10,200 ಡಾಲರುಗಳಿಗೆ ಏರಿಸಿತು. ಮೇಲ್ಮನವಿಯಲ್ಲಿ ಆ ಮೊತ್ತ ರದ್ದಾಯಿತು. ಕೊನೆಗೆ 2023ರ ನವೆಂಬರಿನಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯವಾದ ಆಸ್ಟ್ರೇಲಿಯಾದ ಹೈಕೋರ್ಟ್ ಅದನ್ನು ಮರಳಿ ನೀಡಿ, ಬಾಗಿಲಿಲ್ಲದ ಮನೆಯಲ್ಲಿ ಅನುಭವಿಸಿದ ಮಾನಸಿಕ ಸಂಕಟಕ್ಕೂ ಮನೆಯೊಡೆಯನು ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಅಷ್ಟರಲ್ಲಿ ಆ ಮಹಿಳೆ ತೀರಿಕೊಂಡಿದ್ದರು. ಈ ತೀರ್ಪು ದೇಶದ ಇತರ ಬಾಡಿಗೆದಾರರಿಗೂ ಅನ್ವಯವಾಗುವ ತತ್ತ್ವವನ್ನು ನೆಲೆಗೊಳಿಸಿತು.

ಮೂಲನಿವಾಸಿಗಳ ಸ್ವಂತ ಸಂಸ್ಥೆಗಳು

ಮನೆಯ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಳ್ಳುವ ಪ್ರಯತ್ನಗಳು ಹಳೆಯವು. ಸಿಡ್ನಿಯ ರೆಡ್‌ಫರ್ನ್ ಬಡಾವಣೆಯಲ್ಲಿ 1973ರಲ್ಲಿ ಆರಂಭವಾದ ಆಬೊರಿಜಿನಲ್ ಹೌಸಿಂಗ್ ಕಂಪನಿ ನಗರದಲ್ಲಿ ಇಂತಹ ಮೊದಲ ಯತ್ನಗಳಲ್ಲಿ ಒಂದು. ಆಲಿಸ್ ಸ್ಪ್ರಿಂಗ್ಸ್‌ನ ಅಂಚಿನ ಬಿಡಾರಗಳ ಜನರು ಕಟ್ಟಿದ ಟಂಗೆಂಟೈರ್ ಮಂಡಳಿಯೂ ಎಪ್ಪತ್ತರ ದಶಕದ್ದೇ. ನ್ಯೂ ಸೌತ್ ವೇಲ್ಸ್ 1998ರಲ್ಲಿ ಪ್ರತ್ಯೇಕ ಕಾನೂನಿನ ಮೂಲಕ ಆಬೊರಿಜಿನಲ್ ವಸತಿ ಕಚೇರಿಯನ್ನು ಸ್ಥಾಪಿಸಿತು. ವಿಕ್ಟೋರಿಯಾ ರಾಜ್ಯವು 2016ರಲ್ಲಿ 1,400ಕ್ಕೂ ಹೆಚ್ಚು ಸರಕಾರಿ ಮನೆಗಳ ಒಡೆತನವನ್ನೇ ಮೂಲನಿವಾಸಿಗಳ ವಸತಿ ಸಂಸ್ಥೆಯೊಂದಕ್ಕೆ ವರ್ಗಾಯಿಸುವುದಾಗಿ ಘೋಷಿಸಿತು. ಇಂತಹ ಸಂಸ್ಥೆಗಳಲ್ಲಿ ಎಲ್ಲವೂ ಸುಗಮವೆಂದಲ್ಲ. ಬಾಡಿಗೆ ವಸೂಲಿ ಅವರಿಗೂ ಕಷ್ಟ, ಮತ್ತು ವಸೂಲಿಗೆ ಹೋಗುವವರೇ ಬಂಧುಗಳಾಗಿದ್ದರೆ ಇನ್ನೂ ಕಷ್ಟ. ಆದರೆ ಶೋಕದ ಮನೆಗೆ ನೋಟಿಸು ಹಚ್ಚಬಾರದೆಂದು ಅಲ್ಲಿ ಯಾರಿಗೂ ತರಬೇತಿ ಕೊಡಬೇಕಾಗಿಲ್ಲ. ಟೆನೆಂಟ್ ಕ್ರೀಕ್‌ನಲ್ಲಿ ವಾರುಮುಂಗು ಜನರು ‘ವಿಲ್ಯಾ ಜಂಟಾ’ ಎಂಬ ಸಂಸ್ಥೆಯ ಮೂಲಕ ತಮ್ಮ ಬಂಧುತ್ವದ ಕಟ್ಟಳೆಗೂ ಅಲ್ಲಿನ ಬಿಸಿಲಿಗೂ ಹೊಂದುವ ಮನೆಗಳ ವಿನ್ಯಾಸದಲ್ಲಿ ತೊಡಗಿದ್ದಾರೆ.

ರಾಷ್ಟ್ರೀಯ ಗುರಿಗಳು

2020ರ ಜುಲೈಯಲ್ಲಿ ಕೇಂದ್ರ ಹಾಗೂ ರಾಜ್ಯ ಸರಕಾರಗಳು ಮೂಲನಿವಾಸಿ ಸಂಸ್ಥೆಗಳ ಒಕ್ಕೂಟದೊಂದಿಗೆ ‘ಅಂತರ ನಿವಾರಣೆ’ಯ ರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದವು. ನಿರ್ಧಾರಗಳಲ್ಲಿ ಸಹಭಾಗಿತ್ವ, ಸಮುದಾಯದ ಸಂಸ್ಥೆಗಳ ಬಲವರ್ಧನೆ, ಸರಕಾರಿ ಇಲಾಖೆಗಳ ಒಳಗಿನ ಪರಿವರ್ತನೆ, ಅಂಕಿಅಂಶಗಳ ಹಂಚಿಕೆ ಎಂಬ ನಾಲ್ಕು ಸುಧಾರಣೆಗಳು ಅದರ ಆಧಾರ. ಇಕ್ಕಟ್ಟಿಲ್ಲದ ಮನೆಯಲ್ಲಿ ವಾಸಿಸುವ ಮೂಲನಿವಾಸಿಗಳ ಪ್ರಮಾಣವನ್ನು 2031ರ ವೇಳೆಗೆ ಶೇ. 88ಕ್ಕೆ ಏರಿಸಬೇಕೆಂಬುದು ವಸತಿಯ ಗುರಿ. 2021ರಲ್ಲಿ ಅದು ಶೇ. 81.4ರಷ್ಟಿತ್ತು. 2024ರ ಮಾರ್ಚಿನಲ್ಲಿ ಕೇಂದ್ರ ಮತ್ತು ಉತ್ತರ ಪ್ರಾಂತ್ಯ ಸರಕಾರಗಳು ಹತ್ತು ವರ್ಷಗಳಲ್ಲಿ 4 ಶತಕೋಟಿ ಡಾಲರು ವೆಚ್ಚದಲ್ಲಿ ದೂರದ ಊರುಗಳಲ್ಲಿ 2,700 ಮನೆಗಳನ್ನು ಕಟ್ಟುವ ಯೋಜನೆಯನ್ನು ಪ್ರಕಟಿಸಿದವು. ವರ್ಷಕ್ಕೆ 270 ಮನೆಗಳು. ಕಟ್ಟಿದ ಮನೆಯ ನಲ್ಲಿ ಕೆಟ್ಟರೆ ಪ್ಲಂಬರ್ ನೂರಾರು ಕಿಲೋಮೀಟರು ದೂರದ ಪಟ್ಟಣದಿಂದ ಬರಬೇಕೋ ಅಥವಾ ಅದೇ ಊರಿನ ಯುವಕನಿಗೆ ಆ ಕೆಲಸ ಸಿಗುವುದೋ ಎಂಬುದು ಈ ಊರುಗಳಲ್ಲಿ ಇನ್ನೂ ಇತ್ಯರ್ಥವಾಗದ ಪ್ರಶ್ನೆ.